ಬೀರುವಿನೊಳಗಿನ ಸಮುದ್ರಕ್ಕೆ ಮತ್ತೆ ಕೈ ಹಾಕಿದ್ದೇನೆ

ಬಟಾಬಯಲಿನಲ್ಲಿ ಒಂದು ಬೀರು, ಅದರ ತೆರೆದ ಬಾಗಿಲೊಳಗೆ ಸಮುದ್ರ. ವರ್ಷಗಳ ಹಿಂದೆ ಬರೆದ ಈ ಎಣ್ಣೆಬಣ್ಣದ ಚಿತ್ರವನ್ನು ಗೋಡೆಯಿಂದ ಇಳಿಸಿ ಮತ್ತೆ ಈಸೆಲ್ (ಚಿತ್ರ ಬರೆಯುವ ಸ್ಟ್ಯಾಂಡ್) ಮೇಲೆ ಇಟ್ಟಿದ್ದೇನೆ. ಸುಮ್ನೆ ಹೊಸ ಕ್ಯಾನ್ವಾಸ್ ತಗೊಂಡು ಬರೆಯಬಹುದಲ್ವಾ ಅಂತ ಒಬ್ಬರು ಕೇಳಿದರು. ಸ್ಪೇನಿನ ಕಲಾವಿದ ಸಾಲ್ವಡಾರ್ ಡಾಲಿ ಹಾಗೆ ಮಾಡಿದ್ದುಂಟು. 1931ರಲ್ಲಿ ಬರೆದ ಕರಗುವ ಗಡಿಯಾರಗಳ ದೃಶ್ಯವನ್ನೇ 1952–54ರಲ್ಲಿ ಬೇರೆ ಕ್ಯಾನ್ವಾಸ್ ಮೇಲೆ ಚೂರು ಚೂರಾಗಿ ತೇಲಿಸಿದ. ಮೊದಲನೆಯದನ್ನು ತಿದ್ದೋಣ ಅಂದರೂ ಅದು ಆಗಲೇ ನ್ಯೂಯಾರ್ಕ್‌ನ ಮ್ಯೂಸಿಯಂ ಸೇರಿತ್ತು ಬಿಡಿ. ನನ್ನದು ಮನೆಯಲ್ಲೇ ಇದೆ, ಕೇಳುವವರಿಲ್ಲ.

ಹಳೆಯ ಚಿತ್ರದಲ್ಲಿ ಬೀರುವಿನ ಜೊತೆಗೆ ಆಕಾಶದಲ್ಲಿ ಒಂದು ದೊಡ್ಡ ಕಣ್ಣು, ತೇಲುವ ಬೀಗದ ಕೈಗಳು, ಬೇರು ಬಿಟ್ಟ ಕುರ್ಚಿ ಎಲ್ಲ ಇದ್ದವು. ವಿಚಿತ್ರ ಜಾಸ್ತಿ ಇದ್ದಷ್ಟೂ ಸರ್ರಿಯಲಿಸಂ (ಕನಸಿನ ಹಾಗೆ ಹೊಂದದ್ದನ್ನೆಲ್ಲ ಜೋಡಿಸುವ ಕಲೆ) ಗಟ್ಟಿ ಅನ್ನುವ ಹುಮ್ಮಸ್ಸಿನ ಕಾಲ ಅದು. ಈಗ ನೋಡಿದರೆ ಒಂದಕ್ಕೊಂದು ಪೈಪೋಟಿಗೆ ಬಿದ್ದಿವೆ, ಸಮುದ್ರದ ಕಡೆ ಕಣ್ಣೇ ಹೋಗುವುದಿಲ್ಲ. ಬೆಲ್ಜಿಯಂನ ಕಲಾವಿದ ಮಾಗ್ರಿಟ್ ಮತ್ತೆ ಮತ್ತೆ ಬರೆದ ಒಂದು ದೃಶ್ಯವಿದೆ: ಮೇಲೆ ಹಗಲಿನ ಆಕಾಶ, ಕೆಳಗೆ ರಾತ್ರಿಯ ಬೀದಿ. ಮನೆ, ಮರ, ದೀಪದ ಕಂಬ ಎಲ್ಲ ಮಾಮೂಲಿ. ಹೊಂದದೇ ಇರುವುದು ಒಂದೇ ಒಂದು. ನನಗೂ ಈಗ ಅಷ್ಟೇ ಸಾಕು ಅನ್ನಿಸಿದೆ.

ಹಾಗಾಗಿ ಮೊದಲು ಬೀಗದ ಕೈಗಳು ಹೋದವು. ಅವುಗಳ ಮೇಲೆ ಆಕಾಶದ ಬಣ್ಣ ಬಳಿದುಬಿಟ್ಟರೆ ಮುಗಿಯಲಿಲ್ಲ. ಬಣ್ಣವನ್ನು ದಪ್ಪಗೆ ಮೆತ್ತಿದ್ದರಿಂದ, ಪಕ್ಕದಿಂದ ಟಾರ್ಚ್ ಬಿಟ್ಟರೆ ಉಬ್ಬು ಎದ್ದು ಕಾಣುತ್ತದೆ. ಬ್ಲೇಡನ್ನು ಮಲಗಿಸಿ ಹಿಡಿದು ಉಬ್ಬನ್ನು ಕೆರೆದೆ. ಆಮೇಲೆ ಒದ್ದೆ ಮಾಡಿದ ನುಣುಪು ಸ್ಯಾಂಡ್‌ಪೇಪರಿನಿಂದ ಉಜ್ಜಿದೆ. ಒಣ ಉಜ್ಜು ಬೇಡ, ಕ್ಯಾಡ್ಮಿಯಂ ಅನ್ನುವ ವಿಷದ ಲೋಹ ಇರುವ ಹಳದಿ, ಕೆಂಪು ಬಣ್ಣಗಳ ಪುಡಿ ಉಸಿರಿಗೆ ಹೋಗಬಾರದು. ಎಣ್ಣೆಬಣ್ಣದ ಮೇಲೆ ಅಕ್ರಿಲಿಕ್ (ನೀರಿನಲ್ಲಿ ಕಲಸುವ ಬಣ್ಣ) ಸರಿಯಾಗಿ ಹಿಡಿಯುವುದಿಲ್ಲ, ಬೇಗ ಒಣಗುತ್ತದೆ ಅನ್ನುವ ಆಸೆಗೆ ಅದನ್ನು ಹಚ್ಚಲಿಲ್ಲ.

ನಿಜವಾದ ಕೆಲಸ ಹಿಡಿದದ್ದು ಸಮುದ್ರದಲ್ಲಿ. ನೀರು ಆಕಾಶಕ್ಕೆ ತಾಗುವ ಗೆರೆ ಬಯಲಿನ ದಿಗಂತದ ಸಮಕ್ಕೇ ಇತ್ತು. ಲೆಕ್ಕಕ್ಕೆ ಅದು ಸರಿಯೇ. ದಿಗಂತ ಯಾವಾಗಲೂ ನೋಡುವವರ ಕಣ್ಣಿನ ಮಟ್ಟದಲ್ಲೇ ಇರುತ್ತದೆ. ಆದರೆ ಎರಡೂ ಗೆರೆ ಒಂದೇ ಆದ್ದರಿಂದ ಬೀರು ಬರೀ ಕಿಟಕಿಯಾಗಿತ್ತು, ಬಯಲಿನ ಆಚೆ ಸಮುದ್ರ ಇದೆ ಅಂದುಕೊಂಡರೆ ಮುಗಿಯಿತು. ಕುರ್ಚಿಯನ್ನೂ ಅಳಿಸೋಣ ಅಂತ ಬ್ರಷ್ ಎತ್ತಿಕೊಂಡಾಗ ಹೊಳೆಯಿತು: ಆ ಸಮುದ್ರವನ್ನು ನಿಂತಿರುವ ನಾವಲ್ಲ, ಕುರ್ಚಿಯಲ್ಲಿ ಕೂತವರು ನೋಡುತ್ತಿದ್ದರೆ? ಕೂತವರ ಕಣ್ಣು ತಗ್ಗಿನಲ್ಲಿರುತ್ತದೆ, ಹಾಗಾಗಿ ಅವರ ದಿಗಂತವೂ ತಗ್ಗಿಗೆ. ಗೆರೆಯನ್ನು ಎರಡು ಬೆರಳಿನಷ್ಟು ಇಳಿಸಿದೆ. ಬಯಲು ನಮ್ಮದು, ಸಮುದ್ರ ಇನ್ಯಾರದೋ ಅನ್ನುವ ಹಾಗಾಯಿತು. ಕುರ್ಚಿ ಉಳಿಯಿತು. ಆದರೆ ಬೇರು ಬೇಡ, ನಾಲ್ಕು ಕಾಲಿನ ಸಾದಾ ಕುರ್ಚಿ ಸಾಕು.

ಗೆರೆ ಇಳಿಸಿದ್ದಕ್ಕೆ ದಂಡವೂ ಬಿತ್ತು. ಕಡು ನೀಲಿ ನೀರು ಇದ್ದ ಜಾಗದಲ್ಲಿ ಈಗ ತಿಳಿ ಆಕಾಶ ಬರಬೇಕು. ಎಣ್ಣೆಬಣ್ಣ ವರ್ಷ ಕಳೆದಂತೆ ನಿಧಾನಕ್ಕೆ ಪಾರದರ್ಶಕವಾಗುತ್ತದೆ, ಮುಚ್ಚಿಟ್ಟ ಗೆರೆ ಮೇಲೆ ಬರುತ್ತದೆ. ಪೆಂಟಿಮೆಂಟೊ ಅನ್ನುವುದು ಇದನ್ನೇ. ಹಳೆಯ ಯುರೋಪಿನ ಎಷ್ಟೋ ಚಿತ್ರಗಳಲ್ಲಿ ಕಲಾವಿದ ಜಾಗ ಬದಲಿಸಿದ ಕೈಕಾಲು ಹೀಗೆ ಇಣುಕುತ್ತವೆ. ಅವು ನನಗೂ ಇಷ್ಟ, ಆದರೆ ಇಲ್ಲಿ ಎರಡನೇ ದಿಗಂತ ಇಣುಕಿದರೆ ಮಾಡಿದ್ದೆಲ್ಲ ಹಾಳು. ಅದಕ್ಕೇ ಆ ಪಟ್ಟಿಯನ್ನೂ ಕೆರೆದು, ಟೈಟಾನಿಯಂ ವೈಟ್ ಅನ್ನುವ ಬಿಳಿ ಬೆರೆಸಿದ ಬೂದು ಬಣ್ಣವನ್ನು ತೆಳುವಾಗಿ ಎರಡು ಸಲ ಹಚ್ಚಿದೆ. ಇನ್ನೊಂದು ಬಿಳಿ, ಜಿಂಕ್ ವೈಟ್, ಬೇಡ ಅಂದೆ; ಅದು ಕೆಳಗಿನದನ್ನು ಮುಚ್ಚುವುದೂ ಕಡಿಮೆ, ಮುಂದೆ ಬಿರುಕು ಬಿಡುವುದೂ ಜಾಸ್ತಿ.

ನೆರಳು ಇನ್ನೂ ಬಾಕಿ. ಬಯಲಿಗೆ ಇಳಿಹೊತ್ತಿನ ಬೆಳಕು, ಬೀರುವಿನ ನೆರಳು ಎಡಕ್ಕೆ ಉದ್ದವಾಗಿ ಚಾಚಬೇಕು. ಸಮುದ್ರದ ಬೆಳಕು ನಡು ಮಧ್ಯಾಹ್ನದ್ದು. ಅದರ ತಿಳಿ ಹಸಿರು ಬೀರುವಿನ ಕೆಳಗಿನ ಹಲಗೆಯ ಅಂಚಿಗೆ ಒಂದಿಷ್ಟು ಬಿದ್ದರೆ ಮರ ಮರದ ಹಾಗೆ ಕಾಣುತ್ತದೆ, ನೀರೂ ಅಲ್ಲೇ ಇದೆ ಅನ್ನಿಸುತ್ತದೆ. ಸಣ್ಣ ಬ್ರಷ್ಷಿನ ಕೆಲಸ, ಕೆಳಗಿನ ಪದರ ಒಣಗಿದ ಮೇಲೆ ಮಾಡುತ್ತೇನೆ. ಆಕಾಶದ ಕಣ್ಣಿಗೆ ಅದಾದ ಮೇಲೆ ಬ್ಲೇಡ್. ವಾರ್ನಿಷ್ ಅಂತೂ ಎಲ್ಲ ಮುಗಿದು ಆರು ತಿಂಗಳಾದರೂ ಕಳೆಯಬೇಕು.