ಬ್ರೆಟ್ಜಲ್ ಉಪ್ಪಿಟ್ಟು

ಅಮ್ಮನಿಗೆ ಫೋನಿನಲ್ಲಿ ಹೇಳಿದ್ದೇ ತಪ್ಪಾಯಿತು. "ಬೇಕರಿಯವನು ಮಾರಿ ಉಳಿದದ್ದನ್ನು ದುಡ್ಡು ಕೊಟ್ಟು ತಂದ್ಯಾ? ಒಳ್ಳೆ ಸಂಬಳ ಅಂತಿದ್ಯಲ್ಲ!" ಎಂದರು.

ಸಾಗರದ ನಮ್ಮ ಮನೆಯಲ್ಲಿ ತಂಗಳು ನಾಚಿಕೆಯ ವಿಷಯವೇನೂ ಆಗಿರಲಿಲ್ಲ. ರಾತ್ರಿಯ ಅನ್ನ ಬೆಳಿಗ್ಗೆ ಚಿತ್ರಾನ್ನ, ಮಿಕ್ಕ ಇಡ್ಲಿ ಸಂಜೆಗೆ ಪುಡಿಯಾಗಿ ಉಪ್ಪಿಟ್ಟು. ಅದಕ್ಕೂ ಮೀರಿದ್ದು ಕಲಗಚ್ಚಿನ ಬಾನಿಗೆ ಬಿದ್ದು ಕೊಟ್ಟಿಗೆ ಸೇರುತ್ತಿತ್ತು. ಆದರೆ ಅದು ನಮ್ಮದೇ ಒಲೆಯ ತಂಗಳು. ಕಂಡವರದ್ದನ್ನು ಚೀಲ ಹಿಡಿದು ಹೋಗಿ ತರುವುದು ಬೇರೆ.

ನಾನಿರುವುದು ಮ್ಯೂನಿಕ್‌ನಲ್ಲಿ, ಒಬ್ಬಳೇ. ಟೂ ಗುಡ್ ಟು ಗೋ ಎಂಬ ಆ್ಯಪ್ ತೋರಿಸಿಕೊಟ್ಟವಳು ಆಫೀಸಿನ ಗೆಳತಿ. 2015ರಲ್ಲಿ ಕೋಪನ್‌ಹೇಗನ್‌ನಲ್ಲಿ ಹುಟ್ಟಿದ ಇದು ಮರುವರ್ಷವೇ ಜರ್ಮನಿಗೂ ಬಂದಿದೆ. ಬೇಕರಿ, ಹೋಟೆಲು, ಸೂಪರ್ ಮಾರ್ಕೆಟ್‌ಗಳು ಅಂದು ಉಳಿಯಬಹುದಾದದ್ದನ್ನು ಮೂಲ ಬೆಲೆಯ ಮೂರನೇ ಒಂದು ಭಾಗಕ್ಕೆಲ್ಲ ಚೀಲ ಕಟ್ಟಿ ಮಾರುತ್ತವೆ. ಫೋನಿನಲ್ಲೇ ದುಡ್ಡು ಕಟ್ಟಿ, ಅವರು ಹೇಳಿದ ಹೊತ್ತಿಗೆ ಹೋಗಿ ತರಬೇಕು. ಒಳಗೇನಿದೆ ಎಂದು ಕೇಳುವಂತಿಲ್ಲ. ಏನು ಉಳಿಯುತ್ತದೆಂದು ಬೆಳಿಗ್ಗೆ ಅಂಗಡಿಯವರಿಗೇ ಗೊತ್ತಿರುವುದಿಲ್ಲವಲ್ಲ.

ಇದನ್ನು ಜರ್ಮನ್ನರು ಆಹಾರವನ್ನು 'ರೆಟ್ಟನ್' ಮಾಡುವುದು ಎನ್ನುತ್ತಾರೆ. ನೀರಲ್ಲಿ ಮುಳುಗುತ್ತಿರುವವರನ್ನು ಪಾರುಮಾಡುವುದಕ್ಕೂ ಇದೇ ಪದ. ಅಪ್ಪ ಬೇಕಂತಲೇ ಕತ್ತಲಾಗುವ ಹೊತ್ತಿಗೆ ಸಂತೆಗೆ ಹೋಗಿ, ಮನೆಗೆ ಹೊರಟು ನಿಂತವರಿಂದ ಗುಡ್ಡೆ ಟೊಮೆಟೊವನ್ನು ಅರ್ಧ ಬೆಲೆಗೆ ತರುತ್ತಿದ್ದರು. ಅದಕ್ಕೆ ನಾವು ಚೌಕಾಸಿ ಎನ್ನುತ್ತಿದ್ದೆವು, ಅಷ್ಟೇ.

ಅದೊಂದು ಶನಿವಾರ ಸಂಜೆ ಆರೂಕಾಲಕ್ಕೆ ನಮ್ಮ ಬೀದಿಯ ಬೇಕರಿಗೆ ಹೋದೆ. ನನ್ನ ಮುಂದಿದ್ದ ಹೆಂಗಸು ಒಂದೇ ಒಂದು ಬ್ರೆಡ್ಡಿಗೆ ಐದು ಯೂರೋ ಎಣಿಸಿ ಕೊಟ್ಟರು. ನಾನು ನಾಲ್ಕೂವರೆ ಕಟ್ಟಿ ಚೀಲ ತುಂಬಿಸಿಕೊಳ್ಳಲು ನಿಂತವಳು. ಅವರು ಬಾಗಿಲು ದಾಟುವವರೆಗೂ ಗಾಜಿನೊಳಗಿನ ಕೇಕುಗಳನ್ನು ಓದುತ್ತಿರುವವಳಂತೆ ನಟಿಸಿದೆ. ಕೌಂಟರಿನ ಹುಡುಗಿಗೆ ಇದಾವುದೂ ಲೆಕ್ಕಕ್ಕಿಲ್ಲ. ಫೋನು ನೋಡಿದಳು, ನನ್ನ ಬಟ್ಟೆಯ ಚೀಲ ಇಸಿದುಕೊಂಡಳು, ಕಪಾಟಿನಲ್ಲಿದ್ದದ್ದನ್ನೆಲ್ಲ ಬಾಚಿ ತುಂಬಿದಳು. ಭಾನುವಾರ ಇಲ್ಲಿ ಹೆಚ್ಚಿನ ಅಂಗಡಿಗಳಿಗೆ ರಜೆ. ಹಾಗಾಗಿ ಶನಿವಾರದ ಚೀಲಕ್ಕೆ ಕೈ ಸ್ವಲ್ಪ ಧಾರಾಳವೇ.

ಮನೆಗೆ ಬಂದು ಮೇಜಿನ ಮೇಲೆ ಸುರಿದೆ. ಐದು ಬ್ರೆಟ್ಜಲ್ (ಗಂಟು ಹಾಕಿದಂತಿರುವ ಕಂದು ಬ್ರೆಡ್ಡು), ಆರು ಸೆಮ್ಮೆಲ್ (ನಮ್ಮ ಬನ್ನಿನ ಗಟ್ಟಿ ಸೋದರ ಎನ್ನಿ), ಕಲ್ಲಿನಂಥ ರೈ ಬ್ರೆಡ್ಡು ಅರ್ಧ, ಒಂದು ತುಂಡು ಸೇಬಿನ ಸ್ಟ್ರೂಡೆಲ್. ಕೊನೆಗೆ ಸಲಾಮಿ ತುಂಬಿದ ಎರಡು ಸೆಮ್ಮೆಲ್. ನಾನು ಮಾಂಸ ತಿನ್ನುವುದಿಲ್ಲ. ಸಸ್ಯಾಹಾರದ ಚೀಲ ಆರಿಸುವ ದಾರಿ ಆ್ಯಪ್‌ನಲ್ಲೇ ಇತ್ತು, ಆತುರಕ್ಕೆ ನೋಡಿರಲಿಲ್ಲ. ಆಹಾರ ಕಾಪಾಡಲು ಹೊರಟವಳು ಮೊದಲ ಐದು ನಿಮಿಷದಲ್ಲೇ ಬಿಸಾಡುವುದು ಹೇಗೆ?

ಎದುರುಮನೆಯ ಅಜ್ಜಿಯ ಬಾಗಿಲು ತಟ್ಟಿದೆ. ಎಂಬತ್ತು ದಾಟಿದವರು. ವಿಷಯ ಹೇಳಿದರೆ ನಕ್ಕುಬಿಟ್ಟರು. ಸಲಾಮಿ ಇಸಿದುಕೊಂಡು, "ಉಳಿದದ್ದನ್ನು ಏನು ಮಾಡ್ತೀಯ?" ಎಂದರು. ನನಗೂ ಗೊತ್ತಿರಲಿಲ್ಲ. ಆಗ ಕ್ನ್ಯೋಡೆಲ್ ಪಾಠ ಶುರುವಾಯಿತು. ಹಳೆಯ ಸೆಮ್ಮೆಲ್ಲನ್ನು ತೆಳ್ಳಗೆ ಕತ್ತರಿಸಿ ಬೆಚ್ಚಗಿನ ಹಾಲಿನಲ್ಲಿ ನೆನೆಸಿ, ಮೊಟ್ಟೆ, ಬಾಡಿಸಿದ ಈರುಳ್ಳಿ, ಪಾರ್ಸ್ಲಿ ಸೇರಿಸಿ ಉಂಡೆ ಕಟ್ಟಿ ಉಪ್ಪು ನೀರಿನಲ್ಲಿ ಬೇಯಿಸುವುದು. "ಹೊಸ ಸೆಮ್ಮೆಲ್ ಹಾಕಿದರೆ ಅಂಟು ಮುದ್ದೆಯಾಗುತ್ತೆ, ಎರಡು ದಿನದ್ದೇ ಆಗಬೇಕು" ಎಂದು ಬೆರಳೆತ್ತಿ ಹೇಳಿದರು. ಬಿಸಿ ಅನ್ನಕ್ಕೆ ಚಿತ್ರಾನ್ನದ ಗೊಜ್ಜು ಕಲೆಸಲು ಹೋದಾಗ ಅಮ್ಮ ಬೈಯುತ್ತಿದ್ದುದೂ ಹೀಗೆಯೇ. ಒಣಗಿದ ಸೆಮ್ಮೆಲ್ ಚೂರುಗಳನ್ನೇ ಕ್ನ್ಯೋಡೆಲ್‌ಗೆಂದು ಇಲ್ಲಿ ಪ್ಯಾಕೆಟ್ ಮಾಡಿ ಮಾರುತ್ತಾರೆ. ತಂಗಳನ್ನವನ್ನು ಪ್ಯಾಕೆಟ್ ಮಾಡಿ ಮಾರುವ ಯೋಚನೆ ನಮ್ಮಲ್ಲಿ ಯಾರಿಗೂ ಹೊಳೆದಿಲ್ಲ ಕಾಣುತ್ತದೆ.

ಬೆಳಿಗ್ಗೆ ಬ್ರೆಟ್ಜಲ್‌ಗಳನ್ನು ಚೂರು ಮಾಡಿ ಉಪ್ಪಿಟ್ಟಿಗೆ ಇಳಿದೆ. ಸಾಸಿವೆ ಸಿಡಿಯಿತು, ಉದ್ದಿನಬೇಳೆ ಕೆಂಪಾಯಿತು, ಫ್ರೀಜರಿನ ಕರಿಬೇವು, ಹಸಿಮೆಣಸು, ಈರುಳ್ಳಿ ಬಿದ್ದವು. ನೀರು ಚಿಮುಕಿಸಿ, ಚೂರು ಹಾಕಿ, ಕೈ ತನ್ನಷ್ಟಕ್ಕೆ ಉಪ್ಪಿನ ಡಬ್ಬಿಗೆ ಹೋಗಿ ಒಂದು ಚಮಚ ಸುರಿಯಿತು. ಬ್ರೆಟ್ಜಲ್‌ನ ಮೈಮೇಲೆ ಆಗಲೇ ಹರಳು ಹರಳು ಉಪ್ಪಿರುತ್ತದೆ ಎನ್ನುವುದು ಬಾಯಿಗಿಟ್ಟ ಮೇಲೆ ನೆನಪಾಯಿತು. ಸಮುದ್ರ! ಸರಿಮಾಡಲು ಎರಡು ಸೆಮ್ಮೆಲ್ ಕತ್ತರಿಸಿ ಹಾಕಿದೆ. ಸಾಲಲಿಲ್ಲ. ಇನ್ನೆರಡು ಹಾಕಿದೆ. ನಿಂಬೆ ಹಿಂಡಿದೆ. ಕೊನೆಗೆ ರುಚಿ ನಿಜಕ್ಕೂ ಚೆನ್ನಾಗಿಯೇ ಬಂತು. ಆ ಕಂದು ಸಿಪ್ಪೆಗೆ ಒಗ್ಗರಣೆಯ ಎಣ್ಣೆ ಹತ್ತಿದರೆ ಕರಿದ ಸಂಡಿಗೆಯ ಹತ್ತಿರದ ಏನೋ ಆಗುತ್ತದೆ. ಆದರೆ ಬಾಣಲೆಯಲ್ಲಿ ನಾಲ್ಕು ಜನ ತಿನ್ನುವಷ್ಟು ಉಪ್ಪಿಟ್ಟಿತ್ತು. ಉಳಿದ ತಂಗಳಿನಿಂದ ಮಾಡಿದ ತಿಂಡಿ ತಾನೇ ತಂಗಳಾಗಿ ಮಂಗಳವಾರದವರೆಗೆ ಬಂತು.

ಮಂಗಳವಾರ ಅದನ್ನೇ ಡಬ್ಬಿಗೆ ಹಾಕಿಕೊಂಡು ಹೋಗುವಾಗ ಟ್ರೈನಿನಲ್ಲಿ ಲೆಕ್ಕ ಹಾಕಿದೆ. ಜರ್ಮನಿಯಲ್ಲಿ ವರ್ಷಕ್ಕೆ ಸುಮಾರು 1.1 ಕೋಟಿ ಟನ್ ಆಹಾರ ಕಸಕ್ಕೆ ಸೇರುತ್ತದೆ, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಬೀಳುವುದು ಮನೆಗಳ ಡಬ್ಬಿಗೆ. ಅಂಗಡಿಗಳ ಪಾಲು ಅದಕ್ಕಿಂತ ಎಷ್ಟೋ ಕಡಿಮೆ. ನಾನು ಮಾಡಿದ್ದೇನೆಂದರೆ ಬೇಕರಿಯ ಕಸದ ಚಿಂತೆಯನ್ನು ನಾಲ್ಕೂವರೆ ಯೂರೋ ಕೊಟ್ಟು ನನ್ನ ಮನೆಗೆ ತಂದುಕೊಂಡದ್ದು. ಅಗ್ಗ ಎಂದು ತಂದೆನೇ ಹೊರತು ಬೇಕು ಎಂದಲ್ಲ. ನಾಲ್ಕು ಜನರ ಮನೆಗಾದರೆ ಈ ಚೀಲ ಚಿನ್ನ. ಒಂಟಿ ಹೊಟ್ಟೆಗೆ ಹೋಂವರ್ಕ್. ಗೆಳತಿಗೆ ಹೀಗೆಂದಾಗ "ಹಂಚಿಕೊಂಡು ತಗೊಳ್ಳೋಣ" ಎಂದಳು. ಈಗ ಹಾಗೆಯೇ ಮಾಡುತ್ತಿದ್ದೇವೆ.

ರೈ ಬ್ರೆಡ್ಡು ಮಾತ್ರ ಸೋಲಿಸಿತು. ದಿನಕ್ಕೊಂದು ಹೋಳು ತಿನ್ನುತ್ತೇನೆಂದು ಮಾಡಿದ ಶಪಥ ಎರಡು ದಿನ ನಡೆಯಿತು. ಮುಂದಿನ ಶನಿವಾರ ನೋಡಿದರೆ ಅಂಚಿನಲ್ಲಿ ಹಸಿರು ಬೂಷ್ಟು. ಊರಿನಲ್ಲಾದರೆ ಗೊಬ್ಬರದ ಗುಂಡಿ ಇತ್ತು, ಯಾರೂ ಕೇಳುತ್ತಿರಲಿಲ್ಲ. ಇಲ್ಲಿ ಅಂಗಳದಲ್ಲಿ ಹಸಿ ಕಸದ ಕಂದು ಡಬ್ಬಿಯಿದೆ, ಅದರ ನೇರ ಮೇಲಕ್ಕೆ ಅಜ್ಜಿಯ ಅಡುಗೆಮನೆಯ ಕಿಟಕಿ. ಬ್ರೆಡ್ಡನ್ನು ಪತ್ರಿಕೆಯಲ್ಲಿ ಸುತ್ತಿಟ್ಟು, ಆ ಕಿಟಕಿಯ ದೀಪ ಆರುವವರೆಗೆ ಕಾದು, ಚಪ್ಪಲಿ ಸದ್ದಾಗದಂತೆ ಮೆಟ್ಟಿಲಿಳಿದೆ.