ಸಿಗಿರಿಯದ ಎದುರು ಬಂಡೆ

ಶ್ರೀಲಂಕಾದಿಂದ ಬಂದು ನಾಲ್ಕು ದಿನವಾಯಿತು. ಎಲ್ಲರದೂ ಒಂದೇ ಪ್ರಶ್ನೆ, ಎಷ್ಟು ಖರ್ಚಾಯ್ತು? ನೀವು ಅಂದುಕೊಂಡಷ್ಟಿಲ್ಲ.

ಮಧ್ಯಾಹ್ನ ಊರವರು ಕೂತು ತಿನ್ನುವ ಸಣ್ಣ ಹೋಟೆಲಿಗೆ ನುಗ್ಗಿ 'ರೈಸ್ ಅಂಡ್ ಕರಿ' ಕೇಳಿ. ಅನ್ನ, ಪರಿಪ್ಪು (ನಮ್ಮ ಬೇಳೆಯೇ), ಎರಡು ಮೂರು ಪಲ್ಯ, ಕಾಯಿ ಸಂಬೋಲ (ತೆಂಗಿನಕಾಯಿ ಚಟ್ನಿಯಂಥದ್ದು). ಹೊಟ್ಟೆ ತುಂಬ ಊಟ. ಸಸ್ಯಾಹಾರಿಗಳು ಮಾತ್ರ ಮೊದಲೇ ವಿಚಾರಿಸಿ, ಸಂಬೋಲಕ್ಕೆ ಒಣಮೀನಿನ ಚೂರು ಹಾಕುವುದುಂಟು. ನನಗೆ ಗೊತ್ತಾಗಿದ್ದು ಎರಡನೇ ತುತ್ತಿಗೆ!

ಕೊಲಂಬೊ ಫೋರ್ಟ್ ಸ್ಟೇಷನ್ನಿನಿಂದ ಗಾಲೆಗೆ ರೈಲಿನಲ್ಲೇ ಹೋಗಿ. ಹೋಗುವಾಗ ಬಲಗಡೆ ಕಿಟಕಿ ಹಿಡಿಯಿರಿ, ಪಕ್ಕದಲ್ಲೇ ಸಮುದ್ರ. ಡಚ್ಚರ ಕಾಲದ ಗಾಲೆ ಕೋಟೆಯ ಮೇಲೆ ಸಂಜೆ ಸುಮ್ನೆ ಅಡ್ಡಾಡಲು ಟಿಕೆಟ್ಟೇ ಇಲ್ಲ.

ಆಟೋ ಹತ್ತುವ ಮುಂಚೆ ದರ ಮಾತಾಡಿ. ನಾನು ಮಾತಾಡಲಿಲ್ಲ, ಬಿಡಿ.

ಮೇಲೆ ಹಳೇ ಅರಮನೆಯ ಅವಶೇಷವಿರುವ ಸಿಗಿರಿಯ ಬಂಡೆಗೆ ವಿದೇಶಿಯರ ಟಿಕೆಟ್ ಜಾಸ್ತಿ. ನಮಗೆ ಸಾರ್ಕ್ (ದಕ್ಷಿಣ ಏಷ್ಯಾ ದೇಶಗಳ ಒಕ್ಕೂಟ) ರಿಯಾಯಿತಿ ಇದೆ, ಪಾಸ್‌ಪೋರ್ಟ್ ತೋರಿಸಬೇಕು. ನಾನಂತೂ ಎದುರಿನ ಪಿದುರಂಗಲ ಬಂಡೆ ಹತ್ತಿದೆ. ತುಂಬಾ ಅಗ್ಗ. ಕೊನೆಗೆ ದೊಡ್ಡ ಕಲ್ಲುಗಳ ನಡುವೆ ತೆವಳಬೇಕು ಅಷ್ಟೇ. ಬೆಳಗಿನ ಜಾವ ಮೇಲೆ ಕೂತಾಗ ಅನ್ನಿಸಿತು, ಸಿಗಿರಿಯ ಹತ್ತಿದವರಿಗೆ ಸಿಗಿರಿಯವೇ ಕಾಣುವುದಿಲ್ಲ ಅಲ್ವಾ? ಕಾಸಿಲ್ಲದೆ ಈ ಕಡೆ ಬಂದವನಿಗೆ ಮಂಜಿನಿಂದ ಎದ್ದ ಇಡೀ ಬಂಡೆ ಸಿಕ್ಕಿತು.

ಇಳಿದು ಬಂದು ಒಂದು ತಂಬಿಲಿ ಎಳನೀರು ಕುಡಿದೆ. ಕಾಯಿ ಕಿತ್ತಳೆ ಬಣ್ಣದ್ದು, ನೀರು ನಮ್ಮದಕ್ಕಿಂತ ಸಿಹಿ.