ಮೊಸರಿನ ಡಬ್ಬಿ ಮೇಲಿನ ಮೂರು ಪದ

ಇವತ್ತು ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್‌ನ ಅಂಗಡಿಯಲ್ಲಿ ಮೊಸರಿನ ಡಬ್ಬಿ ಎತ್ತಿಕೊಂಡೆ. ಅಂಚಿನಲ್ಲಿ ಸಣ್ಣ ಅಕ್ಷರ: 'ನಾಟ್ ಫಾರ್ ಇಯು'. ಯುರೋಪಿಯನ್ ಒಕ್ಕೂಟಕ್ಕಲ್ಲ, ಅಂತ.

ಪಕ್ಕದಲ್ಲಿದ್ದ ಅಜ್ಜಿಯೊಬ್ಬರು ಅದನ್ನೇ ತೋರಿಸಿ, ಇದೇನು ಕಳಪೆ ಮಾಲಾ ಅಂತ ಕೇಳಿದರು. ಅಲ್ಲ ಅಂದೆ.

ಮೊಸರಿನಲ್ಲಿ ಏನೂ ಕೊರತೆ ಇಲ್ಲ. 2020ರಲ್ಲಿ ಬ್ರಿಟನ್ ಯುರೋಪಿಯನ್ ಒಕ್ಕೂಟ ಬಿಟ್ಟಿತು. ಸರಕಿನ ವಿಷಯದಲ್ಲಿ ಬ್ರಿಟನ್ನಿನದೇ ಭಾಗವಾದ ಉತ್ತರ ಐರ್ಲೆಂಡ್ ಮಾತ್ರ ಒಕ್ಕೂಟದ ಹಲವು ನಿಯಮಗಳಲ್ಲೇ ಉಳಿಯಿತು. 2023ರಲ್ಲಿ ಬ್ರಿಟನ್ ಮತ್ತು ಒಕ್ಕೂಟದ ನಡುವೆ ವಿಂಡ್ಸರ್ ಒಪ್ಪಂದ ಆದಮೇಲೆ, ಇಂಗ್ಲೆಂಡ್, ಸ್ಕಾಟ್ಲೆಂಡ್ ಕಡೆಯಿಂದ ಕಡಿಮೆ ತಪಾಸಣೆಯಲ್ಲಿ ಬರುವ ಹಾಲು, ಮಾಂಸಕ್ಕೆ ಈ ಚೀಟಿ. ಇಲ್ಲೇ ಮಾರಬೇಕು, ಮುಂದಕ್ಕೆ ಹೋಗಬಾರದು.

ಮುಂದೆ ಅಂದರೆ ಎಲ್ಲಿ? ಗಡಿ ಹತ್ತಿರದ ನ್ಯೂರಿ ದಾಟಿದರೆ ಡಂಡಾಕ್; ಅದು ಒಕ್ಕೂಟದಲ್ಲೇ ಇರುವ ಐರ್ಲೆಂಡ್ ಗಣರಾಜ್ಯದ ಊರು. ನಡುವೆ ಗೇಟಿಲ್ಲ, ಚೆಕ್‌ಪೋಸ್ಟ್ ಇಲ್ಲ. ರಸ್ತೆ ಫಲಕದಲ್ಲಿ ಮೈಲಿ ಹೋಗಿ ಕಿಲೋಮೀಟರ್ ಬರುತ್ತದೆ, ಅಷ್ಟೇ.

ಆ ಗೇಟು ಮತ್ತೆ ಬರಬಾರದು ಅಂತಲೇ ಇಷ್ಟೆಲ್ಲ ಒದ್ದಾಟ ಅಲ್ವಾ? ಈ ಅಜ್ಜಿಯ ವಯಸ್ಸಿನವರು ದಶಕಗಳ ಹಿಂದಿನ ಹಿಂಸಾಚಾರದ ಕಾಲದಲ್ಲಿ ಆ ಗಡಿಯಲ್ಲಿ ಸೈನಿಕರನ್ನು ಕಂಡವರು. ಅದಕ್ಕೇ ಈ ಚೀಟಿಯ ಮೇಲೆ ನನಗೆ ಸಿಟ್ಟು ಬರುವುದಿಲ್ಲ.

ಅಜ್ಜಿ ಎರಡು ಡಬ್ಬಿ ಬುಟ್ಟಿಗೆ ಹಾಕಿಕೊಂಡರು.